ಬಿಟ್ಟು ಬರಬೇಕಾದ ಪುಸ್ತಕ

ನನ್ನ ಕುತ್ತಿಗೆಯ ಗಂಟನ್ನು ಮೊದಲು ಕಂಡವರು ಡಾಕ್ಟರಲ್ಲ, ರಿಪ್ಪನ್‌ಪೇಟೆಯಲ್ಲಿ ನನಗೆ ರವಿಕೆ ಹೊಲಿದುಕೊಡುವ ಸರೋಜಮ್ಮ. ಶಾಲೆ ಶುರುವಾಗುವ ಮೊದಲು ಎರಡು ರವಿಕೆ ಹೊಲಿಸೋಣವೆಂದು ಹೋಗಿದ್ದೆ. ಕತ್ತಿನ ಅಳತೆ ತೆಗೆಯುತ್ತಿದ್ದ ಅವರ ಟೇಪು ಒಂದು ಕಡೆ ನಿಂತಿತು. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಒಂದು ಸಲ ಎಂಜಲು ನುಂಗಿ ಅಂದರು. ನುಂಗಿದೆ. "ನೋಡಿ, ನುಂಗುವಾಗ ಮೇಲೆ ಹೋಗಿ ಕೆಳಗೆ ಬರ್ತದೆ. ತೋರಿಸ್ಕಳಿ ಮೇಡಂ," ಅಂದರು.

ನಾನು ತೋರಿಸಿಕೊಳ್ಳಲಿಲ್ಲ. ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಣದ ಶಿಕ್ಷಕಿ. ಹೆಸರು ಪ್ರಫುಲ್ಲ, ಮಕ್ಕಳ ಬಾಯಲ್ಲಿ ಪಿಟಿ ಮೇಡಂ. ಇಪ್ಪತ್ತು ವರ್ಷ ಮೈದಾನದಲ್ಲಿ ಕೂಗಿದ ಗಂಟಲು. ಅಲ್ಲಿ ಏನಾದರೂ ಊದಿಕೊಂಡಿದ್ದರೆ ಕೂಗಿದ್ದಕ್ಕೇ ಇರಬೇಕು ಎಂದುಕೊಂಡೆ. ನನ್ನ ಧ್ವನಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ. ಕ್ರೀಡಾಕೂಟದಲ್ಲಿ ಮೈಕು ಕೈಕೊಟ್ಟರೆ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ನಾನು ಒಂದು ಸಲ "ಸಾವಧಾನ್" ಅಂದರೆ ಮೈದಾನದ ಆಚೆ ಮೇಯುತ್ತಿದ್ದ ಎಮ್ಮೆಗಳೂ ತಲೆ ಎತ್ತುತ್ತವೆ ಎಂದು ನಮ್ಮ ಹೆಡ್‌ಮಾಸ್ಟರು ತಮಾಷೆ ಮಾಡುತ್ತಿದ್ದರು.

ಒಂದು ತಿಂಗಳು ಬಿಟ್ಟು ಗಂಟು ಕನ್ನಡಿಯಲ್ಲೂ ಕಾಣತೊಡಗಿತು. ಆಗ ಸಾಗರಕ್ಕೆ ಹೋದೆ.

ಅಲ್ಲಿನ ಕಿವಿ ಮೂಗು ಗಂಟಲಿನ ಡಾಕ್ಟರು ಸೂಜಿ ಚುಚ್ಚಿ ನೀರಿನಂಥದ್ದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಬಿಟ್ಟು ಬರಲು ಹೇಳಿದರು. ವಾರ ಬಿಟ್ಟು ಹೋದಾಗ ಹೊರಗಿನ ಕುರ್ಚಿಗಳಲ್ಲಿ ಎಲ್ಲರೂ ಇಬ್ಬರು, ಮೂವರು ಕೂತಿದ್ದರು. ಒಬ್ಬ ಅಜ್ಜಿಯ ಜೊತೆ ಐದು ಜನ ಬಂದಿದ್ದರು, ಆಕೆಗೆ ಕಿವಿಯಲ್ಲಿ ಹುಳ ಹೊಕ್ಕಿತ್ತಂತೆ. ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಕೂತಿತ್ತು. ಜಾಗ ಸಾಲದಾದಾಗ ಒಬ್ಬರು ಬಂದು, ಇಲ್ಲಿ ಯಾರಾದರೂ ಬರುತ್ತಾರಾ ಎಂದು ಕೇಳಿದರು. ಇಲ್ಲ ಎಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಡಾಕ್ಟರು ಕಾಗದ ನೋಡಿದರು, ನನ್ನ ನೋಡಿದರು, ಆಮೇಲೆ ನನ್ನ ಹಿಂದಿನ ಬಾಗಿಲು ನೋಡಿದರು. ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಅವರು ಮತ್ತೆ ಕಾಗದ ನೋಡತೊಡಗಿದರು. ನನಗೆ ಆಗಲೇ ಗೊತ್ತಾಯಿತು.

ಥೈರಾಯ್ಡಿನ ಕ್ಯಾನ್ಸರ್. ಹೆದರುವಂಥದ್ದಲ್ಲ, ಕ್ಯಾನ್ಸರುಗಳಲ್ಲಿ ಇದು ಒಳ್ಳೆಯ ಜಾತಿ ಎಂದರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ನಿಜವಾದ ಕಕ್ಕುಲಾತಿ ಇತ್ತು. ಆದರೆ ಹೊರಗೆ ಬಂದ ಮೇಲೆ ನನಗೆ ನೆನಪಿದ್ದದ್ದು ಒಳ್ಳೆಯ ಜಾತಿಯಲ್ಲ, ಕ್ಯಾನ್ಸರ್ ಮಾತ್ರ. ಬಸ್‌ಸ್ಟ್ಯಾಂಡಿಗೆ ನಡೆದು ಬಂದು, ನಿಂತಿದ್ದ ಬಸ್ಸು ಹತ್ತಿ ಕೂತೆ. ಕಂಡಕ್ಟರು ಬಂದು ಎಲ್ಲಿಗೆ ಅಂದಾಗ ರಿಪ್ಪನ್‌ಪೇಟೆ ಅಂದೆ. ಇದು ಹೊಸನಗರದ ಬಸ್ಸು, ರಿಪ್ಪನ್‌ಪೇಟೆಗೆ ಹೋಗುವುದಿಲ್ಲ ಅಂದರು. ಇಳಿಯಬೇಕಿತ್ತು. ಇಳಿಯುವಷ್ಟು ಶಕ್ತಿ ಬರಲಿಲ್ಲ. ಹೊಸನಗರಕ್ಕೇ ಟಿಕೆಟ್ ತೆಗೆದುಕೊಂಡು, ಅಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಮನೆಗೆ ಬಂದೆ. ಅಷ್ಟು ಹೊತ್ತೂ ನನಗೆ ಅನಿಸಿದ್ದು ಒಂದೇ: ಇದನ್ನು ಯಾರಿಗೆ ಹೇಳುವುದು.

ನಾನು ಮದುವೆಯಾದವಳಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ; ಆಗಲಿಲ್ಲ, ಅಷ್ಟೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಇರುವವಳು ಅಕ್ಕ ಒಬ್ಬಳು, ತೀರ್ಥಹಳ್ಳಿಯಲ್ಲಿ. ನನಗಿಂತ ಎಂಟು ವರ್ಷ ದೊಡ್ಡವಳು. ಭಾವನದು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಗಳು ಅನುಷಾಳ ಮದುವೆ ಹಿಂದಿನ ವರ್ಷ ಮಾಡಿದ್ದರು. ನನ್ನ ರಜೆಗಳೆಲ್ಲ ಆ ಮನೆಯಲ್ಲೇ ಕಳೆಯುತ್ತಿದ್ದವು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ಊಟ ಮಾಡಿದೆಯಾ ಎಂದು ಕೇಳಿದಳು.

ದಸರಾ ರಜೆಯಲ್ಲಿ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಕ್ಕ ಭಾವ ಬಂದು ಆರು ದಿನ ಇದ್ದರು. ಗಂಟು ನರಕ್ಕೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ಧ್ವನಿಪೆಟ್ಟಿಗೆಯ ಒಂದು ಬದಿಯ ನರ ಬಳಲಿತಂತೆ. ಎಚ್ಚರವಾದ ಮೇಲೆ ನಾನು ನೀರು ಕೇಳಿದೆ. ಬಾಯಿಂದ ಬಂದದ್ದು ನೀರು ಎಂಬ ಮಾತಲ್ಲ, ಟಯರಿನಿಂದ ಗಾಳಿ ಹೋಗುವ ಸದ್ದು. ಕೆಲವು ತಿಂಗಳಲ್ಲಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು. ಈಗ ಮುಕ್ಕಾಲು ಪಾಲು ಬಂದಿದೆ. ಆಗ ಏನೂ ಇರಲಿಲ್ಲ.

ಧ್ವನಿ ಇಲ್ಲದವರ ಬಗ್ಗೆ ನನಗೆ ಮೊದಲು ಏನೂ ಗೊತ್ತಿರಲಿಲ್ಲ. ನಾನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಿದ್ದರು, ಇಲ್ಲವೇ ನನಗೆ ಕಿವಿ ಕೇಳುವುದಿಲ್ಲವೆಂಬಂತೆ ಕೂಗುತ್ತಿದ್ದರು. ಅಂಗಡಿಯಲ್ಲಿ ನನ್ನ ಸರದಿ ಬಂದರೂ ಹಿಂದಿನವರ ಮಾತು ಮೊದಲು ತಲುಪುತ್ತಿತ್ತು. ಫೋನುಗಳು ಒಂದೊಂದಾಗಿ ಕಡಿಮೆಯಾದವು. ಅಕ್ಕ ಮಾತ್ರ ದಿನಾ ಮಾಡುತ್ತಿದ್ದಳು. ಆದರೆ ನಾನು ನಾಲ್ಕು ಮಾತು ಆಡುವಷ್ಟರಲ್ಲಿ, "ಸರಿಯಾಗಿ ಕೇಳ್ತಿಲ್ಲ ಕಣೇ, ಮೆಸೇಜ್ ಹಾಕು," ಎಂದು ಇಟ್ಟುಬಿಡುತ್ತಿದ್ದಳು.

ಎರಡು ತಿಂಗಳ ನಂತರ ಮುಂದಿನ ಚಿಕಿತ್ಸೆ. ಉಳಿದಿರಬಹುದಾದ ಕಣಗಳನ್ನು ಸುಡಲು ವಿಕಿರಣ ತುಂಬಿದ ಅಯೋಡಿನ್ ಗುಳಿಗೆ ಕೊಡುತ್ತಾರೆ. ಅದಕ್ಕೆ ಮೊದಲು ಕೆಲವು ವಾರ, ಆಪರೇಷನ್ನಿನ ನಂತರ ದಿನಾ ನುಂಗುತ್ತಿದ್ದ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಕು, ಮೀನು ಬಿಡಬೇಕು, ಹಾಲು ಮೊಸರು ಬಿಡಬೇಕು, ಅಯೋಡಿನ್ ಬೆರೆತ ಉಪ್ಪು ಮುಟ್ಟಬಾರದು. ಮಾತ್ರೆ ನಿಲ್ಲಿಸಿದ್ದಕ್ಕೆ ಮೈಯೆಲ್ಲ ಸೀಸದ ಹಾಗೆ ಭಾರ. ಎರಡು ಮೆಟ್ಟಿಲು ಹತ್ತಿ ಕೂರುತ್ತಿದ್ದೆ. ರಾಜ್ಯಮಟ್ಟದಲ್ಲಿ ಓಡಿದ್ದ ಕಾಲುಗಳು ಇವೇನಾ ಅನಿಸುತ್ತಿತ್ತು. ಗುಳಿಗೆ ನುಂಗಿದ ಮೇಲೆ ಮೈಯಿಂದಲೇ ವಿಕಿರಣ ಹೊರಬರುತ್ತದೆ. ಅದಕ್ಕೆ ಮೂರು ನಾಲ್ಕು ದಿನ ಒಂದು ಕೋಣೆಯಲ್ಲಿ ಒಬ್ಬಳೇ ಇರಬೇಕು, ಯಾರೂ ಒಳಗೆ ಬರುವಂತಿಲ್ಲ.

ಆಸ್ಪತ್ರೆಯಿಂದ ಒಬ್ಬ ಸಿಸ್ಟರ್ ಫೋನ್ ಮಾಡಿ ಏನು ತರಬೇಕು, ಏನು ತರಬಾರದು ಎಂದು ಹೇಳಿದರು. ಹಳೆಯ ಬಟ್ಟೆ ತನ್ನಿ, ಅದನ್ನು ಬಿಟ್ಟು ಹೋಗಬೇಕಾಗಬಹುದು. ಫೋನಿಗೆ ಪ್ಲಾಸ್ಟಿಕ್ ಕವರ್ ನಾವು ಹಾಕಿಕೊಡುತ್ತೇವೆ. ಓದಲು ಪುಸ್ತಕ ಬೇಕಿದ್ದರೆ ತರಬಹುದು, ಆದರೆ ಅದು ಹೊರಗೆ ಬರುವುದಿಲ್ಲ. ಕಳೆದರೂ ಬೇಜಾರಿಲ್ಲ ಅನ್ನುವ ಪುಸ್ತಕ ಇದ್ದರೆ ಅದನ್ನೇ ತನ್ನಿ ಎಂದರು.

ನನ್ನ ಮನೆಯಲ್ಲಿ ಪುಸ್ತಕಗಳೇ ಕಡಿಮೆ. ಕಬಡ್ಡಿ, ಖೋಖೋದ ನಿಯಮಾವಳಿ, ಒಂದು ನಿಘಂಟು, ಅಮ್ಮನ ಕಾಲದ ಒಂದೆರಡು ಕಾದಂಬರಿ. ಯಾವುದನ್ನೂ ಬಿಟ್ಟುಬರಲು ಮನಸ್ಸಾಗಲಿಲ್ಲ. ಕೊನೆಗೆ ಫ್ರಿಜ್ಜಿನ ಮೇಲೆ, ಕರೆಂಟ್ ಬಿಲ್ಲುಗಳ ಕೆಳಗೆ ಒಂದು ಕವನ ಸಂಕಲನ ಸಿಕ್ಕಿತು. ಎರಡು ವರ್ಷದ ಹಿಂದೆ ಸಾಗರದಲ್ಲಿ ಒಂದು ಕ್ರೀಡಾಕೂಟಕ್ಕೆ ತೀರ್ಪುಗಾರಳಾಗಿ ಹೋಗಿದ್ದಾಗ ಹಾರದ ಬದಲು ಅದನ್ನು ಕೈಗೆ ಕೊಟ್ಟಿದ್ದರು. ಬರೆದವರ ಹೆಸರು ಸುಜಯಾ, ಊರು ಸಾಗರ. ಒಂದು ಪುಟವನ್ನೂ ತೆರೆದಿರಲಿಲ್ಲ. ಕವನ ನನಗೆ ಪರೀಕ್ಷೆಯಲ್ಲಿ ಐದು ಅಂಕದ ಸಾರಾಂಶವಾಗಿತ್ತು, ಹತ್ತನೇ ತರಗತಿಯ ಜೊತೆಗೆ ಅದು ಮುಗಿದಿತ್ತು. ಕಳೆದರೆ ಬೇಜಾರಿಲ್ಲದ ಪುಸ್ತಕ ಇದೇ ಎಂದು ಚೀಲಕ್ಕೆ ಹಾಕಿದೆ.

ಕೋಣೆ ಆಸ್ಪತ್ರೆಯ ಒಂದು ಮೂಲೆಯಲ್ಲಿತ್ತು. ಬಾಗಿಲು ಭಾರ. ಡಾಕ್ಟರು ಗುಳಿಗೆಯನ್ನು ದಪ್ಪ ಲೋಹದ ಡಬ್ಬಿಯಲ್ಲಿ ತಂದು, ಹೇಗೆ ನುಂಗಬೇಕೆಂದು ಹೇಳಿ, ದೂರ ಹೋಗಿ ನಿಂತರು. ಕೈಯಲ್ಲಿ ಮುಟ್ಟದೆ ಡಬ್ಬಿಯಿಂದಲೇ ಬಾಯಿಗೆ ಹಾಕಿಕೊಂಡೆ. ಜ್ವರದ ಮಾತ್ರೆಯಷ್ಟೇ ಇತ್ತು. ನಾನು ನುಂಗಿದ್ದನ್ನು ನೋಡಿ ಅವರು ತಲೆಯಾಡಿಸಿ ಬಾಗಿಲು ಎಳೆದುಕೊಂಡರು. ನಲವತ್ತಾರು ವರ್ಷ ಯಾರಿಗೂ ತೊಂದರೆ ಕೊಡದ ಹಾಗೆ ಬದುಕಿದವಳು ನಾನು. ಆ ಬಾಗಿಲು ಮುಚ್ಚಿದ ಕ್ಷಣದಿಂದ ನನ್ನ ಹತ್ತಿರ ಬಂದವರಿಗೆ ಅಪಾಯವಾಗಿದ್ದೆ.

ಊಟವನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲಿಟ್ಟು ತಟ್ಟಿ ಹೋಗುತ್ತಿದ್ದರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಯಾರೂ ಇರುತ್ತಿರಲಿಲ್ಲ. ನೀರು ಕುಡಿಯುತ್ತಲೇ ಇರಬೇಕು. ಶೌಚಾಲಯದಲ್ಲಿ ಎರಡೆರಡು ಸಲ ನೀರು ಬಿಡಬೇಕು. ಮಾರನೆಯ ದಿನದಿಂದ ಜೊಲ್ಲಿನ ಗ್ರಂಥಿಗಳು ಕೆಡದಿರಲೆಂದು ನಿಂಬೆಹುಳಿಯ ಪೆಪ್ಪರ್‌ಮಿಂಟು ಚೀಪುತ್ತಿರಬೇಕು. ಟಿವಿ ಇತ್ತು, ಅದರಲ್ಲಿ ಎಲ್ಲರೂ ಕೂಗುತ್ತಿದ್ದರು, ಆರಿಸಿದೆ. ಮಧ್ಯಾಹ್ನ ಅಕ್ಕನ ಫೋನ್ ಬಂತು. ಪ್ಲಾಸ್ಟಿಕ್ಕಿನ ಒಳಗಿಂದ ನನ್ನ ಗಾಳಿಯಂಥ ಧ್ವನಿ ಎಷ್ಟು ಹೋಯಿತೋ. "ಕೇಳ್ತಿಲ್ಲ ಕಣೇ," ಅಂದಳು. ಇಟ್ಟಳು.

ಆಮೇಲೆ ಪುಸ್ತಕ ತೆರೆದೆ. ಮೊದಲ ನಾಲ್ಕು ಪುಟ ಓದುವಾಗ, ಒಂದೇ ವಾಕ್ಯವನ್ನು ಹೀಗೆ ತುಂಡು ತುಂಡು ಮಾಡಿ ಇಟ್ಟರೆ ಕವನವಾಗುತ್ತದಾ ಎಂದು ನಗು ಬಂತು. ಒಂದು ಕವನದಲ್ಲಿ ಹೆಂಗಸೊಬ್ಬಳು ಆನಂದಪುರದಲ್ಲಿ ಬಸ್ಸು ಹತ್ತಿ, ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಯಾರಿಗೋ ಹಿಡಿದಿಟ್ಟುಕೊಳ್ಳುತ್ತಾಳೆ. ಸಾಗರ ಬಂದರೂ ಯಾರೂ ಬರುವುದಿಲ್ಲ. ಇಳಿಯುವಾಗ ಕರ್ಚೀಫು ಮಡಿಸಿಕೊಂಡು ಹೋಗುತ್ತಾಳೆ. ಅಷ್ಟೇ. ಅದನ್ನು ಓದಿ ಪುಸ್ತಕ ಮಡಿಸಿಟ್ಟೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಪುಟ ತೆಗೆದೆ. ಆ ಹೆಂಗಸು ಯಾರಿಗೆ ಸೀಟು ಹಿಡಿದಿದ್ದಳು ಎಂದು ಕವನದಲ್ಲಿ ಹೇಳಿರಲಿಲ್ಲ. ನನಗೆ ಮಾತ್ರ ಗೊತ್ತು ಅನಿಸಿತು.

ಎರಡನೆಯ ದಿನ ಬೆಳಿಗ್ಗೆ ಓದಿದ್ದು ಇದು. ಹೆಸರು 'ಒಬ್ಬಳಿಗೆ ಅನ್ನ'.

ಒಬ್ಬಳಿಗೆಂದು ಅಕ್ಕಿ ತೊಳೆದೆ.
ಕೈ ತನ್ನ ಹಳೆಯ ಅಳತೆಯಲ್ಲೇ ಇತ್ತು,
ನಾಲ್ಕು ಜನಕ್ಕಾಗುವ ನೀರು.
ಮಿಕ್ಕಿದ್ದನ್ನು ಕಾಗೆಗೆ ಹಾಕಿದೆ,
ನಾಯಿಗೆ ಹಾಕಿದೆ,
ಮಾರನೆಯ ದಿನ ಚಿತ್ರಾನ್ನ ಮಾಡಿದೆ.
ಕೈಗೆ ಮಾತ್ರ
ಇನ್ನೂ ಯಾರೂ ಹೇಳಿಲ್ಲ.

ಒಂದು ಸಲ ಓದಿದೆ. ಕಣ್ಣು ಕೊನೆಯ ಸಾಲಿನಿಂದ ಆಚೆ ಹೋಗಲಿಲ್ಲ. ಆಮೇಲೆ ಅಳು ಬಂತು. ಸಾಗರದಲ್ಲಿ ಡಾಕ್ಟರು ಹೇಳಿದಾಗ ಅತ್ತಿರಲಿಲ್ಲ, ಆಪರೇಷನ್ನಿಗೆ ಹೋಗುವಾಗ ಅತ್ತಿರಲಿಲ್ಲ, ಧ್ವನಿ ಹೋಯಿತೆಂದಾಗ ಕೂಡ ಹಲ್ಲು ಕಚ್ಚಿದ್ದೆ. ಯಾರೋ ಸಾಗರದವಳು ಅಕ್ಕಿ ತೊಳೆದಿದ್ದಕ್ಕೆ ಅತ್ತೆ. ಸದ್ದಿಲ್ಲದ ಗಂಟಲಿನಿಂದ ಅಳುವುದು ವಿಚಿತ್ರ, ಮೈಯೆಲ್ಲ ಅಲುಗುತ್ತದೆ, ಕೇಳಿಸುವುದು ಮಾತ್ರ ಏನೂ ಇಲ್ಲ. ಕಣ್ಣೀರಿನಲ್ಲೂ ವಿಕಿರಣ ಇರುತ್ತದೆ, ಒರೆಸಿದ ಕಾಗದವನ್ನು ಬೇರೆ ಡಬ್ಬಿಗೇ ಹಾಕಬೇಕು ಎಂದಿದ್ದರು. ಅಷ್ಟು ಅಳುವಿನ ಮಧ್ಯೆಯೂ ಎದ್ದು ಹೋಗಿ ಕಾಗದವನ್ನು ಆ ಡಬ್ಬಿಗೆ ಹಾಕಿ ಬಂದೆ. ಶಿಸ್ತಿನ ಹುಚ್ಚು.

ಅಲ್ಲಿಂದ ಮುಂದೆ ಪುಸ್ತಕವನ್ನು ನಿಧಾನವಾಗಿ ಓದತೊಡಗಿದೆ, ಮುಗಿಯಬಾರದೆಂದು. ಛತ್ರದಲ್ಲಿ ಪಾತ್ರೆ ತೊಳೆಯುವವಳ ಮೇಲೆ ಒಂದು, ಗಂಡ ಬಿಟ್ಟುಹೋದ ಮೇಲೆ ಮನೆಯ ಬಲ್ಬು ತಾನೇ ಬದಲಿಸಲು ಕಲಿತವಳ ಮೇಲೆ ಒಂದು. ಯಾವ ಕವನದಲ್ಲೂ ಯಾರನ್ನೂ ಸಮಾಧಾನ ಮಾಡಿರಲಿಲ್ಲ. ಆಪರೇಷನ್ನಿನ ನಂತರ ನನ್ನ ಮುಂದೆ ನಿಂತವರೆಲ್ಲ ಧೈರ್ಯ ಹೇಳಿದ್ದರು. ಅವರು ಹೋದ ಮೇಲೆ ಅವರ ಧೈರ್ಯವನ್ನು ನಾನೊಬ್ಬಳೇ ಹೊರಬೇಕಾಗುತ್ತಿತ್ತು. ಈ ಹೆಂಗಸು ಧೈರ್ಯ ಹೇಳಲಿಲ್ಲ. ನನಗೂ ಹೀಗೇ ಆಗಿತ್ತು ಎಂದಷ್ಟೇ ಹೇಳಿ ಪಕ್ಕದಲ್ಲಿ ಕೂತಳು.

ಆ ಹೊತ್ತಿಗೆ ಪುಸ್ತಕ ಬಿಟ್ಟುಹೋಗಬೇಕೆಂಬುದು ನೆನಪಾಯಿತು. ಫೋನಿನಲ್ಲಿ ಫೋಟೋ ತೆಗೆದೆ. ಪ್ಲಾಸ್ಟಿಕ್ ಕವರಿನ ಮೂಲಕ ಅಕ್ಷರಗಳು ಮಂಜಿನೊಳಗಿನ ಇರುವೆಗಳಂತೆ ಬಂದವು. ಬರೆದುಕೊಂಡರೆ ಆ ಕಾಗದವೂ ಹೊರಗೆ ಬರುವುದಿಲ್ಲ. ಉಳಿದದ್ದು ಬಾಯಿಪಾಠ. ನನಗೆ ಗೊತ್ತಿದ್ದ ದಾರಿ ಡ್ರಿಲ್ಲಿನದು. ಹಾಸಿಗೆಯಿಂದ ಬಾಗಿಲಿಗೆ ಎಂಟು ಹೆಜ್ಜೆ. ಹೋಗುವಾಗ ಒಂದು ಸಾಲು, ಬರುವಾಗ ಅದೇ ಸಾಲು. ಸರಿಯಾದರೆ ಮುಂದಿನ ಸಾಲು. ಸುಸ್ತಾದರೆ ಕೂತು, ನೀರು ಕುಡಿದು, ಮತ್ತೆ ಎದ್ದೆ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲುಗಳು ಜಾರುತ್ತಿದ್ದವು, ಅದಕ್ಕೆ ಬಾಯಿಬಿಟ್ಟು ಹೇಳಿದೆ. ಗಾಳಿಯೇ ಬರಲಿ, ತುಟಿಗೆ ಗೊತ್ತಾಗಬೇಕಲ್ಲ. ಆಪರೇಷನ್ನಿನ ಮೇಲೆ ಅಷ್ಟು ಹೊತ್ತು ನಾನು ಮಾತಾಡಿದ್ದು ಅದೇ ಮೊದಲು.

ನಾಲ್ಕನೆಯ ದಿನ ಸಿಸ್ಟರ್ ಬಾಗಿಲಲ್ಲಿ ನಿಂತು ವಿಕಿರಣ ಅಳೆಯುವ ಮೀಟರು ಹಿಡಿದು ನೋಡಿ, ಹೊರಡಬಹುದು ಎಂದರು. ಏಳು ಕವನ ಬಾಯಿಗೆ ಬಂದಿದ್ದವು, ಇನ್ನೂ ಮೂವತ್ತರಷ್ಟು ಉಳಿದಿದ್ದವು. ಪುಸ್ತಕ ಏನು ಮಾಡುತ್ತೀರಿ ಎಂದು ಸನ್ನೆಯಲ್ಲಿ ಕೇಳಿದೆ. ಚೀಲದಲ್ಲಿ ಕಟ್ಟಿ, ವಿಕಿರಣ ಇಳಿಯುವವರೆಗೆ ಒಂದು ಕಡೆ ಇಟ್ಟು, ಆಮೇಲೆ ಕಸಕ್ಕೆ ಹಾಕುತ್ತಾರಂತೆ. ಅದನ್ನು ಹಾಸಿಗೆಯ ಮೇಲಿಟ್ಟು, ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡು ಬಂದೆ. ಹೊರಡುವ ಮುಂಚೆ ಒಂದು ಸಲ ತಿರುಗಿ ನೋಡಿದೆ, ಯಾರನ್ನೋ ಆಸ್ಪತ್ರೆಯಲ್ಲೇ ಬಿಟ್ಟುಬಂದ ಹಾಗೆ.

ಇನ್ನೂ ಎರಡು ಮೂರು ವಾರ ಜನರಿಂದ ದೂರ ಇರಬೇಕು, ಬಸುರಿಯರು ಮತ್ತು ಮಕ್ಕಳ ಹತ್ತಿರ ಹೋಗಲೇಬಾರದು ಎಂದು ಹೇಳಿ ಕಳಿಸಿದ್ದರು. ತವರಿಗೆ ಬಂದಿದ್ದ ಅನುಷಾಳಿಗೆ ಆಗ ಏಳು ತಿಂಗಳು. ಹಾಗಾಗಿ ತೀರ್ಥಹಳ್ಳಿಗೆ ಹೋಗುವ ಮಾತೇ ಇರಲಿಲ್ಲ, ರಿಪ್ಪನ್‌ಪೇಟೆಯ ನನ್ನ ಮಹಡಿ ಮನೆಗೆ ಬಂದೆ. ಅವಳ ಸೀಮಂತ ಆ ವಾರಗಳಲ್ಲೇ ಬಂತು. ಫೋಟೋಗಳು ಬಂದವು. ಬೇಸರವಾಗಲಿಲ್ಲ, ಕಾರಣ ಗೊತ್ತಿತ್ತಲ್ಲ.

ಡಾಕ್ಟರು ಹೇಳಿದ ವಾರಗಳು ಮುಗಿದವು. ನಾನು ಶಾಲೆಗೆ ಹೋಗತೊಡಗಿದೆ. ಕೂಗಲಾಗದು, ವಿಷಲ್ಲಿನಲ್ಲೇ ಕೆಲಸ. ಸಂಕ್ರಾಂತಿಗೆ ಬರಲಾ ಎಂದು ಅಕ್ಕನಿಗೆ ಮೆಸೇಜ್ ಹಾಕಿದೆ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದು ಉತ್ತರ ಬಂತು. ಭಯವಿದ್ದರೆ ಡಾಕ್ಟರ ಚೀಟಿ ತೋರಿಸುತ್ತೇನೆ ಎಂದು ಅದರ ಫೋಟೋ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ, ದಿನದ ಫೋನೂ ಕಡಿಮೆಯಾಯಿತು. ಮಗು ಹುಟ್ಟಿತು, ಹೆಣ್ಣು. ನಾಮಕರಣಕ್ಕೆ ಮನೆಯವರಷ್ಟೇ ಇದ್ದೆವು ಎಂದು ಆಮೇಲೆ ಅಕ್ಕ ಮೆಸೇಜ್ ಹಾಕಿದಳು. ಮನೆಯವರಷ್ಟೇ ಎಂಬ ಮಾತನ್ನು ಎಷ್ಟು ಸಲ ಓದಿದೆನೋ. ನಾನು ರಜೆಯುದ್ದಕ್ಕೂ ಅನುಷಾಳಿಗೆ ಜಡೆ ಹಾಕಿದವಳು. ಅವಳ ಹೆರಿಗೆಯ ಸುದ್ದಿ ನನಗೆ ಭಾವನ ಸ್ಟೇಟಸ್ಸಿನಲ್ಲಿ ಗೊತ್ತಾಯಿತು.

ಆ ದಿನಗಳಲ್ಲಿ ಸಂಜೆ ಶಾಲೆಯಿಂದ ಬಂದು ಅಡಿಗೆ ಮಾಡುತ್ತ ಏಳೂ ಕವನ ಒಂದಾದ ಮೇಲೊಂದು ಹೇಳುತ್ತಿದ್ದೆ. ದಿನಕ್ಕೊಂದಿಷ್ಟು ಗಾಳಿ ಕಡಿಮೆಯಾಗಿ, ದಿನಕ್ಕೊಂದಿಷ್ಟು ಸದ್ದು ಸೇರುತ್ತಿತ್ತು. ಆದರೆ ಒಂದು ಕವನದಲ್ಲಿ ಯಾವುದೋ ಸಾಲು ತಪ್ಪಿಹೋಗಿತ್ತು. ಎಷ್ಟು ಹೇಳಿಕೊಂಡರೂ ಕೊಂಡಿ ಕೂಡುತ್ತಿರಲಿಲ್ಲ. ಮಾರ್ಚಿನಲ್ಲಿ ರಕ್ತಪರೀಕ್ಷೆಗೆ ಸಾಗರಕ್ಕೆ ಹೋದಾಗ, ಪುಸ್ತಕದಂಗಡಿಗೆ ಹೋಗಿ ಆ ಸಂಕಲನ ಕೇಳಿದೆ. ಅವರ ಹತ್ತಿರ ಇರಲಿಲ್ಲ. ಬರೆದವರು ಕೋರ್ಟಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿರುತ್ತಾರೆ, ಅಲ್ಲೇ ಕೇಳಿ ಎಂದರು.

ಅಂಗಡಿಯ ಮುಂದೆ ಆಧಾರ್ ಕಾರ್ಡು, ಪಹಣಿ ಹಿಡಿದವರ ಸಾಲಿತ್ತು. ಮೆಷಿನ್ನಿನ ಹಿಂದೆ ನಿಂತಿದ್ದವಳಿಗೆ ಮೂವತ್ತೈದರ ಆಸುಪಾಸು, ದಪ್ಪ ಕನ್ನಡಕ, ಕೈ ಮಾತ್ರ ಚುರುಕು. ನನ್ನ ಸರದಿ ಬಂದಾಗ, ನಾನು ನಿಮ್ಮ ಪುಸ್ತಕ ಓದಿದ್ದೇನೆ ಅಂದೆ. ಅವಳಿಗೆ ಪುಸ್ತಕ ಎಂಬುದೊಂದೇ ಕೇಳಿಸಿತು. ತಲೆ ಎತ್ತದೆ, "ಎಷ್ಟು ಪೇಜು? ಎರಡೂ ಕಡೆ ಬೇಕಾ?" ಎಂದು ಕೈ ಚಾಚಿದಳು. ನಾನು ಇನ್ನೊಮ್ಮೆ ಹೇಳಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದಳು. ಮಧ್ಯಾಹ್ನದವರೆಗೆ ಕಾಯುತ್ತೀರಾ ಎಂದು ಕೇಳಿದಳು.

ಮಧ್ಯಾಹ್ನ ಅಂಗಡಿಯ ಒಳಗೆ ಕಾಗದದ ಬಂಡಲುಗಳ ಮೇಲೆ ಕೂತೆವು. ಅವಳು ತನ್ನ ಡಬ್ಬಿಯ ಚಪಾತಿಯಲ್ಲಿ ನನಗೆ ಒಂದು ಕೊಟ್ಟಳು. ನಾನು ಎಲ್ಲ ಹೇಳಿದೆ, ಕೋಣೆಯದ್ದು, ಎಂಟು ಹೆಜ್ಜೆಯದ್ದು. ಆಮೇಲೆ ಮುಚ್ಚಿಡಬಾರದೆನಿಸಿ ಅದನ್ನೂ ಹೇಳಿದೆ: ಪುಸ್ತಕ ಎರಡು ವರ್ಷ ನನ್ನ ಫ್ರಿಜ್ಜಿನ ಮೇಲಿತ್ತು, ಕಳೆದುಹೋದರೆ ಬೇಜಾರಿಲ್ಲವೆಂದೇ ಅದನ್ನು ಒಯ್ದಿದ್ದೆ.

ಸುಜಯಾ ನಕ್ಕಳು. "ನಮ್ಮಣ್ಣನ ಮನೇಲೂ ಫ್ರಿಜ್ಜಿನ ಮೇಲೇ ಇದೆ," ಅಂದಳು. "ಹಾರದ ಬದಲು ಕೊಡಕ್ಕೆ ಅಂತ ಯಾರೋ ಒಂದು ಕಟ್ಟು ತಗಂಡಿದ್ರು. ಓದಿದೀನಿ ಅಂತ ಹುಡುಕಿಕೊಂಡು ಬಂದವರು ನೀವೊಬ್ರೇ."

ಒಂದು ಹೇಳಿ ಎಂದಳು. 'ಒಬ್ಬಳಿಗೆ ಅನ್ನ' ಹೇಳತೊಡಗಿದೆ. ನಾಲ್ಕನೆಯ ಸಾಲಿಗೆ ಧ್ವನಿ ನಿಂತುಹೋಯಿತು. ಈಗಲೂ ದಣಿದರೆ ಹಾಗೆ ನಿಲ್ಲುತ್ತದೆ. ಹಾಗೆ ನಿಂತಾಗಲೆಲ್ಲ ಎದುರಿನವರು ನನ್ನ ವಾಕ್ಯವನ್ನು ತಾವೇ ಮುಗಿಸಿಕೊಡುತ್ತಾರೆ, ಪಾಪ, ಸಹಾಯವೆಂದೇ. ಆ ಸಾಲು ಅವಳದೇ. ಆದರೂ ಅವಳು ಹೇಳಿಕೊಡಲಿಲ್ಲ. ಕೈಯಲ್ಲಿ ಚಪಾತಿ ಹಿಡಿದುಕೊಂಡೇ ಕಾದಳು. ನಾನು ನೀರು ಕುಡಿದು, ಉಸಿರು ತೆಗೆದುಕೊಂಡು ಕೊನೆಯವರೆಗೆ ಹೇಳಿದೆ.

ಮನೆಯಲ್ಲಿ ಯಾರು ತೀರಿಕೊಂಡಾಗ ಬರೆದದ್ದು ಎಂದು ಕೇಳಿದೆ.

"ಯಾರೂ ತೀರಿಕೊಂಡಿರ್ಲಿಲ್ಲ," ಅಂದಳು. "ಅಣ್ಣ ತಮ್ಮ ಬೇರೆ ಆದ್ರು. ಅಮ್ಮ ತಮ್ಮನ ಜೊತೆ ಹೋದ್ಲು. ಎಲ್ಲ ಇಲ್ಲೇ ಸಾಗರದಲ್ಲೇ ಇದಾರೆ. ನಂಗೆ ಹಿಂಗಾಗ್ತಿದೆ ಅಂತ ಅವರಿಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಬರೆದು ಅಚ್ಚು ಹಾಕಿಸ್ದೆ. ಅವರು ಓದ್ಲಿಲ್ಲ."

ಆಮೇಲೆ ಏನಾದರೂ ಬರೆದಿರಾ ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಹೊರಗೆ ಯಾರೋ ಪಹಣಿ ಹಿಡಿದು ಬಂದರು. ಅವಳು ಎದ್ದಳು. ಕಪಾಟಿನಿಂದ ಒಂದು ಪ್ರತಿ ತೆಗೆದು ನನ್ನ ಕೈಗಿಟ್ಟು ಮೆಷಿನ್ನಿನ ಹತ್ತಿರ ಹೋದಳು. ನಾವು ದೊಡ್ಡ ಗೆಳತಿಯರಾದೆವು ಎಂದು ಬರೆದರೆ ಸುಳ್ಳಾಗುತ್ತದೆ. ರಕ್ತಪರೀಕ್ಷೆಗೆ ಹೋದಾಗ ಕಾಣುತ್ತೇನೆ, ಒಟ್ಟಿಗೆ ತಿನ್ನುತ್ತೇವೆ. ತಪ್ಪಿಹೋಗಿದ್ದ ಸಾಲನ್ನು ಬಸ್ಸಿನಲ್ಲೇ ಹುಡುಕಿಕೊಂಡೆ.

ಆದರೆ ದಾರಿಯುದ್ದಕ್ಕೂ ತಲೆಯಲ್ಲಿದ್ದದ್ದು ಆ ಸಾಲಲ್ಲ, ಅವಳಾಡಿದ ಮಾತು. ಇರುವವರಿಗೆ ಹೇಳಲಿಲ್ಲ ಎಂಬುದು. ನಾನೂ ಹೇಳಿರಲಿಲ್ಲ. ಬೇಸರವನ್ನೆಲ್ಲ ನುಂಗಿ, ಪರವಾಗಿಲ್ಲ ಅಕ್ಕ ಎಂದು ಮೆಸೇಜ್ ಹಾಕುತ್ತಿದ್ದೆ, ಕೆಳಗೊಂದು ನಗುವ ಮುಖ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ಎಂದಿನಂತೆ ಕೇಳ್ತಿಲ್ಲ ಎಂದು ಶುರುಮಾಡುವ ಮೊದಲೇ, "ಅಕ್ಕ, ಇಡಬೇಡ," ಅಂದೆ. "ನಂಗೆ ಬೇಜಾರಾಗಿದೆ. ಮಗುವಿಗೆ ಏನೂ ಆಗಲ್ಲ ಅಂತ ಡಾಕ್ಟ್ರು ಬರೆದುಕೊಟ್ಟಿದಾರೆ. ಆದ್ರೂ ನೀನು ಕರೀಲಿಲ್ಲ."

ಇಟ್ಟಳೇನೋ ಎಂದು ಫೋನ್ ನೋಡಿದೆ. ಇಟ್ಟಿರಲಿಲ್ಲ.

"ಮಗು ಸಲುವಾಗಿ ಅಲ್ಲ ಕಣೇ," ಅಂದಳು ಕೊನೆಗೆ. "ನಿನ್ನ ಧ್ವನಿ. ನಂಗೆ ಅದನ್ನ ಕೇಳಕ್ಕಾಗಲ್ಲ."

ನನಗೆ ಅರ್ಥವಾಗಲಿಲ್ಲ. ಅವಳು ನಿಂತು ನಿಂತು ಹೇಳಿದಳು.

"ಅಮ್ಮಂಗೆ ಕಡೇ ದಿನಗಳಲ್ಲಿ ಹಿಂಗೇ ಆಗಿತ್ತು. ಬರೀ ಗಾಳಿ. ಏನು ಕೇಳ್ತಿದಾಳೆ ಅಂತ ಬಾಯಿಗೆ ಕಿವಿ ಇಡ್ತಿದ್ದೆ, ಗೊತ್ತಾಗ್ತಿರ್ಲಿಲ್ಲ. ಗೊತ್ತಾಗದೇನೇ ಹೋದ್ಲು. ನೀನು ಕೇಳಿಲ್ಲ ಅದನ್ನ, ಟ್ರೈನಿಂಗಲ್ಲಿದ್ದೆ. ನಾನೊಬ್ಳೇ ಕೇಳ್ದೆ. ಆಸ್ಪತ್ರೇಲಿ ನೀನು ನೀರು ಅಂದಾಗ ನಂಗೆ ಅದೇ ಕೇಳಿಸ್ತು ಪ್ರಫುಲ್ಲ. ನೀನೂ ಹೋಗ್ತೀಯ ಅನ್ಸಿಬಿಡ್ತು."

ಅಮ್ಮ ತೀರಿಕೊಂಡಾಗ ನಾನು ದೂರದ ಊರಿನ ಹಾಸ್ಟೆಲ್ಲಿನಲ್ಲಿದ್ದೆ. ತಂತಿಯಲ್ಲಿ ಸುದ್ದಿ ಬಂತು, ಬಂದೆ, ಎಲ್ಲ ಮುಗಿದಿತ್ತು. ಕೊನೆಯ ದಿನಗಳು ಹೇಗಿದ್ದವು ಎಂದು ಅಕ್ಕನನ್ನು ನಾನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನನಗೆ ನೋವಾಗುತ್ತದೆ ಎಂದು ಕೇಳಿರಲಿಲ್ಲ. ಅವಳು ಅಷ್ಟು ವರ್ಷ ಅದನ್ನು ಒಬ್ಬಳೇ ಇಟ್ಟುಕೊಂಡಿದ್ದಳು. ನನ್ನ ಒಂಟಿತನವನ್ನು ನಾನು ಮೂರು ತಿಂಗಳಿನಿಂದ ಎಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದೆನೆಂದರೆ ಅವಳದ್ದು ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಅಕ್ಕ ಮೂಗು ಸೆಳೆದುಕೊಂಡು, "ಏನಾದ್ರೂ ಮಾತಾಡೇ," ಅಂದಳು. "ಸುಮ್ನೆ ಮಾತಾಡ್ತಾ ಇರು. ನಂಗೆ ಅಭ್ಯಾಸ ಆಗ್ಬೇಕು."

ಬಾಯಿಗೆ ಬಂದದ್ದು ಒಂದೇ, ಅದನ್ನೇ ಹೇಳಿದೆ. ಒಬ್ಬಳಿಗೆಂದು ಅಕ್ಕಿ ತೊಳೆದೆ ಎಂದು ಶುರುಮಾಡಿ, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹೇಳಿ, ಕೊನೆಯ ಸಾಲಿನವರೆಗೆ. ಇದು ಎಂತದು, ಯಾರು ಬರೆದದ್ದು ಎಂದು ಅವಳು ಕೇಳಲಿಲ್ಲ.

"ಇನ್ನೊಂದ್ಸಲ ಹೇಳು," ಅಂದಳು.

ಅವಳ ಹಿಂದೆ ಎಲ್ಲೋ ಮಗು ಎದ್ದು ಅಳತೊಡಗಿತ್ತು. ಅಕ್ಕ ಫೋನ್ ಇಡಲಿಲ್ಲ. ನಾನು ಮೊದಲಿನಿಂದ ಶುರುಮಾಡಿದೆ.